ಅಮ್ಮ ಓಡಾಡುವ ದಾರಿಗೊಂದು ಸೆನ್ಸರ್ ದೀಪ

ರಾತ್ರಿ ಬಚ್ಚಲಿಗೆ ಎದ್ದಾಗ ಅಮ್ಮ ಕತ್ತಲಲ್ಲಿ ಸ್ವಿಚ್ ತಡಕಾಡಬಾರದು. ಅದಕ್ಕೇ ಪ್ಯಾಸೇಜಿಗೆ ಓಡಾಟ ಕಂಡರೆ ತಾನೇ ದೀಪ ಹಚ್ಚುವ ಮೋಷನ್ ಸೆನ್ಸರ್ ಇರುವ ಡಿಮ್ಮರ್ (ಬೆಳಕು ತಗ್ಗಿಸುವ ಸ್ವಿಚ್) ಹಾಕಿಸಿದೆ. ದೀಪ ಪೂರ್ತಿ ಉರಿದರೆ ಕಣ್ಣು ಕುಕ್ಕುತ್ತದೆ, ನಿದ್ದೆಯೂ ಹಾರಿಹೋಗುತ್ತದೆ. ಮಂದ ಬೆಳಕು ಸಾಕು, ಅಲ್ವಾ?

ಕೊಳ್ಳುವ ಮೊದಲು ಸ್ವಿಚ್ ಬೋರ್ಡಲ್ಲಿ ನ್ಯೂಟ್ರಲ್ ವೈರ್ (ಕರೆಂಟ್ ವಾಪಸ್ ಹೋಗುವ ತಂತಿ) ಇದೆಯಾ ಅಂತ ಎಲೆಕ್ಟ್ರೀಷಿಯನ್ ಕೈಲಿ ನೋಡಿಸಿ. ಅದೇ ಬೋರ್ಡಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಸಾಮಾನ್ಯವಾಗಿ ಇರುತ್ತದೆ. ನ್ಯೂಟ್ರಲ್ ಇಲ್ಲದೆ ನಡೆಯುವ ಸೆನ್ಸರ್‌ಗಳು ತಮಗೆ ಬೇಕಾದ ಕರೆಂಟನ್ನು ಬಲ್ಬಿನ ಮೂಲಕವೇ ಎಳೆಯುತ್ತವೆ. ಆಗ ಕಡಿಮೆ ವ್ಯಾಟಿನ ಎಲ್‌ಇಡಿ ಆರಿಸಿದ ಮೇಲೂ ಮಿಣುಕಬಹುದು. ಬಲ್ಬಿನ ಡಬ್ಬಿ ಮೇಲೆ 'ಡಿಮ್ಮಬಲ್' (ಬೆಳಕು ತಗ್ಗಿಸಬಹುದಾದದ್ದು) ಅಂತ ಬರೆದಿರಲೇಬೇಕು.

ನಾನು ಆರಿಸಿದ್ದು ಪಿಐಆರ್ ಸೆನ್ಸರ್. ಅದು ಮೈಶಾಖದ ಚಲನೆಯನ್ನು ಗುರುತಿಸುತ್ತದೆ. ಮೈಕ್ರೋವೇವ್ ಸೆನ್ಸರ್ ತೆಳು ಬಾಗಿಲಿನ ಆಚೆಯ ಓಡಾಟಕ್ಕೂ ದೀಪ ಹಚ್ಚಿಬಿಡುತ್ತದೆ, ಸುಮ್ನೆ ಕಿರಿಕಿರಿ. ಪಿಐಆರ್‌ಗೆ ಎದುರಿನಿಂದ ಬರುವವರಿಗಿಂತ ಅಡ್ಡ ಹಾಯುವವರು ಬೇಗ ಕಾಣುತ್ತಾರೆ. ಹಾಗಾಗಿ ಅಮ್ಮನ ಕೋಣೆಯ ಬಾಗಿಲ ಪಕ್ಕದ ಗೋಡೆಗೇ ಹಾಕಿಸಿದೆ. ಕೆಲಸದ ಹೊತ್ತಲ್ಲಿ ಎಂಸಿಬಿ (ಕರೆಂಟ್ ಕಡಿಯುವ ಬ್ರೇಕರ್ ಸ್ವಿಚ್) ಆಫ್, ಮತ್ತೆ ಟೆಸ್ಟರ್ ಹಿಡಿದು ನೋಡಿದ್ದು. ಇದರಲ್ಲಿ ಅವಸರ ಬೇಡವೇ ಬೇಡ.

ಆರುವ ಸಮಯವನ್ನು 5 ನಿಮಿಷಕ್ಕೆ ಇಟ್ಟಿದ್ದೇನೆ. ಅಮ್ಮ ನಿಧಾನವಾಗಿ ನಡೆಯುತ್ತಾರೆ.