ಇಷ್ಟು ಕಷ್ಟದಲ್ಲೂ ಚರ್ಚಿಗೆ ಯಾಕೆ ಹೋಗ್ತೀರಿ?

ಈ ಪ್ರಶ್ನೆಯನ್ನು ಆಫೀಸಿನಲ್ಲಿ ಕೇಳುತ್ತಾರೆ, ಡಯಾಲಿಸಿಸ್ ವಾರ್ಡಿನ ಹೊರಗೆ ಬೆಂಚಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ, ನಮ್ಮ ನೆಂಟರೂ ಕೇಳುತ್ತಾರೆ. ನನ್ನ ಗಂಡನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ವರ್ಷಗಳಾದವು. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ರಕ್ತ ಶುದ್ಧ ಮಾಡುವ ಮೆಷೀನಿನ ಪಕ್ಕ ಮಲಗಬೇಕು. ಶನಿವಾರದ ಸರದಿಯ ಸುಸ್ತು ಭಾನುವಾರ ಬೆಳಿಗ್ಗೆಯೂ ಮೈಯಲ್ಲಿ ಉಳಿದಿರುತ್ತದೆ. ಆದರೂ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಹೊರಡುತ್ತಾರೆ. "ದೇವರು ಮನೆಯಲ್ಲೂ ಇದ್ದಾನಲ್ವಾ? ಅಲ್ಲೇ ಪ್ರಾರ್ಥನೆ ಮಾಡಿದರೆ ಸಾಲದಾ? ಇಷ್ಟು ವರ್ಷ ಹೋಗಿಯೂ ಗುಣ ಆಗಲಿಲ್ಲವಲ್ಲ?" ಕೊನೆಯ ಮಾತನ್ನು ಕೆಲವರು ಪೂರ್ತಿ ಹೇಳುತ್ತಾರೆ, ಕೆಲವರು ಅರ್ಧಕ್ಕೇ ನುಂಗಿಕೊಳ್ಳುತ್ತಾರೆ.

ನನ್ನ ಉತ್ತರ ಇಷ್ಟೇ. ಮನೆಯಲ್ಲಿ ನನಗೆ ಪ್ರಾರ್ಥನೆ ಬರುತ್ತಿರಲಿಲ್ಲ. ಅದಕ್ಕೇ ಚರ್ಚಿಗೆ ಹೋದೆ, ಹೋಗುತ್ತಾ ಇದ್ದೇನೆ.

ಕಷ್ಟ ಬಂದಾಗ ಭಕ್ತಿ ಜಾಸ್ತಿ ಆಗುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ಕೆಲವರಿಗೆ ಹಾಗೇ ಆಗಬಹುದು. ನನಗೆ ಆಗಲಿಲ್ಲ. ರಾತ್ರಿ ಬೈಬಲ್ ತೆರೆದರೆ ಕಣ್ಣು ಸಾಲಿನ ಮೇಲೆ ಓಡುತ್ತಿತ್ತು, ತಲೆಯೊಳಗೆ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಷ್ಟಿತ್ತು, ಪೊಟ್ಯಾಸಿಯಮ್ ಎಷ್ಟಿತ್ತು, ಮುಂದಿನ ತಿಂಗಳ ಇಂಜೆಕ್ಷನ್ನಿಗೆ ದುಡ್ಡೆಲ್ಲಿ, ಇದೇ ಲೆಕ್ಕ. ಭಾನುವಾರ ಆರಾಧನೆಯಲ್ಲಿ ಎಲ್ಲರೂ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳುವಾಗ ನನ್ನ ಬಾಯಿ ಮುಚ್ಚಿಯೇ ಇರುತ್ತಿತ್ತು. ನಂಬುತ್ತೇನೆ ಎಂದು ಹೇಳಲು ಧೈರ್ಯ ಇರಲಿಲ್ಲ. ಆದರೆ ಹಿಂದಿನ ಬೆಂಚಿನ ಹಿರಿಯರು, ಪಕ್ಕದ ಬೆಂಚಿನ ಹುಡುಗಿಯರು ಒಂದೇ ಉಸಿರಿನಲ್ಲಿ ಹೇಳಿಕೊಂಡು ಹೋಗುತ್ತಿದ್ದರು. ನಾನು ಸುಮ್ನೆ ಇದ್ದರೂ ಆ ಮಾತು ನಿಲ್ಲಲಿಲ್ಲ. ನನ್ನ ಪಾಲಿನದನ್ನೂ ಅವರೇ ಹೇಳಿದರು ಎಂದು ನಾನು ಇವತ್ತಿಗೂ ನಂಬುತ್ತೇನೆ.

ಇದಕ್ಕೆ ನಮ್ಮ ವೇದದಲ್ಲೇ, ಅಂದರೆ ಬೈಬಲ್ಲಿನಲ್ಲೇ, ಆಧಾರ ಇದೆ. ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಗುಂಪಿನಿಂದಾಗಿ ಬಾಗಿಲ ಹತ್ತಿರ ಹೋಗಲೂ ಆಗದೆ ಮಾಳಿಗೆ ಬಿಚ್ಚಿ ಹಾಸಿಗೆಯನ್ನು ಒಳಗೆ ಇಳಿಸುತ್ತಾರೆ. ಯೇಸು ಅವರ ನಂಬಿಕೆಯನ್ನು ನೋಡಿ ಆ ರೋಗಿಯ ಜೊತೆ ಮಾತಾಡಿದ ಎಂದು ಬರೆದಿದೆ. ಮಲಗಿದ್ದವನಿಗೆ ಎಷ್ಟು ನಂಬಿಕೆ ಇತ್ತು ಎಂದು ಯಾರೂ ವಿಚಾರಿಸಲಿಲ್ಲ. ಅವನು ಆ ದಿನ ಮಾಡಿದ್ದು ಹೊತ್ತುಕೊಂಡು ಹೋಗಲು ಬಿಟ್ಟದ್ದು, ಅಷ್ಟೇ. ಆ ಕಷ್ಟದ ದಿನಗಳಲ್ಲಿ ನನ್ನಿಂದಲೂ ಆದದ್ದು ಅಷ್ಟೇ.

ಹೊರುವುದು ಅಂದರೆ ಏನು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಷಯ ಗೊತ್ತಾದ ಮೊದಲ ವಾರ ಸಭೆಯವರು, ಅಂದರೆ ನಮ್ಮ ಚರ್ಚಿನವರು, ಒಬ್ಬೊಬ್ಬರಾಗಿ ಮನೆಗೆ ಬಂದರು. ನಮ್ಮದು ಕರಾವಳಿ, ಕಾಯಿಲೆಯವರನ್ನು ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು ಹಿಡಿದುಕೊಂಡೇ ಹೋಗುವುದು. ಆದರೆ ಕಿಡ್ನಿ ಕೆಲಸ ಮಾಡದಿದ್ದರೆ ಪೊಟ್ಯಾಸಿಯಮ್ ದೇಹದಿಂದ ಸರಿಯಾಗಿ ಹೊರಗೆ ಹೋಗುವುದಿಲ್ಲ. ಅದು ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಎಳನೀರಿನಲ್ಲಿ ಅದು ಧಾರಾಳ ಇದೆ, ಬಾಳೆಹಣ್ಣಿನಲ್ಲೂ ಇದೆ. ಪ್ರೀತಿಯಿಂದ ತಂದದ್ದನ್ನು ಬೇಡ ಅನ್ನುವುದು ಹೇಗೆ? ನಾನು ತೆಗೆದುಕೊಂಡು ಅಡುಗೆಮನೆಯಲ್ಲಿ ಇಡುತ್ತಿದ್ದೆ. ಸ್ತ್ರೀ ಸಂಘದ ಒಬ್ಬ ಅಕ್ಕ ಅದನ್ನು ನೋಡಿದರು, ಕೇಳಿದರು, ಹೇಳಿದೆ. ಮುಂದಿನ ಕೂಟದಲ್ಲಿ ಅವರು ಎಲ್ಲರ ಮುಂದೆ ಇದನ್ನು ವಿವರಿಸಿದರು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಆಮೇಲೆ ಒಗ್ಗರಣೆ ಹಾಕಬೇಕು, ಉಪ್ಪು ಕಡಿಮೆ ಇರಬೇಕು ಎಂದೂ ಹೇಳಿದರು. ಆಮೇಲೆ ನಮ್ಮ ಮನೆಗೆ ಬಂದ ಪಲ್ಯ ಎಲ್ಲವೂ ಹಾಗೇ ಬೇಯಿಸಿದ್ದು. ರುಚಿ ಕಡಿಮೆ, ನಿಜ. ಆದರೆ ನನ್ನ ಗಂಡ ಹೆದರದೆ ತಿನ್ನಬಹುದಾದ ಊಟ ಅದು.

ನೀರಿಗೂ ಲೆಕ್ಕ ಇದೆ. ಅವರಿಗೆ ಡಾಕ್ಟರು ಬರೆದುಕೊಟ್ಟದ್ದು ದಿನಕ್ಕೆ ಒಂದು ಲೀಟರ್. ಗಂಜಿಯ ತಿಳಿ, ಸಾರು, ಚಹಾ ಎಲ್ಲ ಅದರೊಳಗೇ ಬರಬೇಕು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲರೂ ಕಾಫಿ ಕುಡಿಯುತ್ತಾ ಮಾತಾಡುತ್ತಾರೆ. ಅಲ್ಲಿ ಇವರಿಗಾಗಿ ಒಂದು ಪುಟ್ಟ ಸ್ಟೀಲ್ ಲೋಟ ಇಟ್ಟಿದ್ದಾರೆ, ಔಷಧಿ ಕುಡಿಸುವಷ್ಟು ಚಿಕ್ಕದು. ಅದರ ತುಂಬ ಕಾಫಿ ಕೊಡುತ್ತಾರೆ. ದೊಡ್ಡ ಲೋಟದ ತಳದಲ್ಲಿ ಎರಡು ಗುಟುಕು ಕೊಟ್ಟರೆ ರೋಗಿಗೆ ಕೊಟ್ಟ ಹಾಗೆ ಇರುತ್ತದೆ, ಇದು ತುಂಬಿದ ಲೋಟ. ಯಾರಿಗೆ ಹೊಳೆಯಿತೋ ಗೊತ್ತಿಲ್ಲ. ಕರ್ತನ ಭೋಜನದ, ಅಂದರೆ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಮೇಜಿನಿಂದ ಎದ್ದು ಬಂದವರು ಹೀಗೆ ಬದುಕಬೇಕು ಎಂದು ನನಗೆ ಅನಿಸುತ್ತದೆ.

ಸಭೆ ಅಂದರೆ ಹೀಗೆಯೇ ಇರಬೇಕು ಎನ್ನುವುದಕ್ಕೆ ನಮ್ಮಲ್ಲಿ ಒಂದು ಹಿನ್ನೆಲೆಯೂ ಇದೆ. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಮೂಲದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಕೆಲಸ ಶುರು ಮಾಡಿದರು. ಆ ಕಾಲದಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದ ಎಷ್ಟೋ ಜನರಿಗೆ ಮನೆ ಬಾಗಿಲು ಮುಚ್ಚಿತು, ಕುಲದವರು ದೂರ ಇಟ್ಟರು, ಇದ್ದ ಕಸುಬೂ ಹೋಯಿತು. ನೇಯ್ಗೆ ಕೆಲಸ, 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಹಂಚಿನ ಕಾರ್ಖಾನೆ ಇವೆಲ್ಲ ಬೆಳೆದದ್ದು ಆ ಜನರಿಗೆ ಅನ್ನದ ದಾರಿ ಬೇಕಿತ್ತು ಎಂಬ ಕಾರಣಕ್ಕೂ ಹೌದು. ಬಂಧುಬಳಗ ಕಳೆದುಕೊಂಡವರಿಗೆ ಸಭೆಯೇ ಬಂಧುಬಳಗ ಆಯಿತು. ಹೆರಿಗೆಗೂ ಅವರೇ, ಹೆಣ ಹೊರಲೂ ಅವರೇ. 1914ರಲ್ಲಿ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು ಆಮೇಲೆ ದೇಶದಿಂದ ಕಳಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಹಣವೂ ಇಲ್ಲ, ಮಿಷನರಿ ದೊರೆಗಳೂ ಇಲ್ಲ. ಆದರೂ ಊರಿನ ಪಾದ್ರಿಗಳು, ಉಪದೇಶಿಗಳು, ಹಿರಿಯರು ಆರಾಧನೆ ನಡೆಸಿಕೊಂಡು ಬಂದರು. ಇವತ್ತು ನಾನು ಕೂರುವ ಬೆಂಚು ಅವರು ಉಳಿಸಿಕೊಟ್ಟದ್ದು.

ಎಲ್ಲ ಸಭೆಯೂ ಹೀಗೇ, ಎಲ್ಲ ವಿಶ್ವಾಸಿಗಳೂ ಹೀಗೇ ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮನ್ನು ಒಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಪ್ರಸಂಗ ಮಾಡಿದವರು, ನಂಬಿಕೆ ಇದ್ದರೆ ಮೆಷೀನ್ ಬೇಡ, ನಂಬಿಕೆ ಕಡಿಮೆ ಇದ್ದದ್ದಕ್ಕೇ ಗುಣವಾಗಿಲ್ಲ ಎಂದರು. ನನ್ನ ಗಂಡ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಅಂಥವರಿಗೆ ನಾನು ಕಠಿಣವಾಗಿಯೇ ಹೇಳುತ್ತೇನೆ: ನೀವು ಬೈಬಲ್ ಪೂರ್ತಿ ಓದಿಲ್ಲ. ಅಪೊಸ್ತಲ ಪೌಲ ತನ್ನ ಶರೀರದ ಮುಳ್ಳು ಎಂದು ಕರೆದ ನೋವನ್ನು ತೆಗೆಯಬೇಕೆಂದು ದೇವರನ್ನು ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ. ಅದೇ ಪೌಲ ತಿಮೊಥೆಯನಿಗೆ ಎರಡನೇ ಪತ್ರದ ಕೊನೆಯಲ್ಲಿ, ತನ್ನ ಜೊತೆಗಾರ ತ್ರೊಫಿಮ ಅಸ್ವಸ್ಥನಾಗಿದ್ದ, ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಎಂದು ಬರೆಯುತ್ತಾನೆ. ತ್ರೊಫಿಮನಿಗೆ ನಂಬಿಕೆ ಸಾಲದು ಎಂದು ಒಂದಕ್ಷರವೂ ಇಲ್ಲ. ಪೌಲನ ಜೊತೆಗಿದ್ದ ಲೂಕನೇ ವೈದ್ಯ, ಅವನನ್ನು ಬೈಬಲ್ಲಿನಲ್ಲಿ ಪ್ರಿಯ ವೈದ್ಯ ಎಂದೇ ಕರೆದಿದ್ದಾರೆ. ಡಯಾಲಿಸಿಸ್ ತಪ್ಪಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ ಬರುತ್ತದೆ. ಒಬ್ಬ ರೋಗಿಗೆ ಅದನ್ನು ಬಿಡು ಎಂದು ಹೇಳುವುದು ಪಾಪ. ಈ ಮಾತಿನಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ನಮ್ಮ ಪಾಸ್ಟರ್ ಆ ಸಮಯದಲ್ಲಿ ಬೇರೆ ದಾರಿ ತೋರಿಸಿದರು. ಮನೆಗೆ ಬಂದು ಬೈಬಲ್ಲಿನ 88ನೇ ಕೀರ್ತನೆ ಓದಿದರು. ಬಹಳ ಕೀರ್ತನೆಗಳು ಅಳುವಿನಲ್ಲಿ ಶುರುವಾಗಿ ಸ್ತೋತ್ರದಲ್ಲಿ ಮುಗಿಯುತ್ತವೆ. ಇದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ. ಓದಿ ಮುಗಿಸಿ ಅವರು ಏನನ್ನೂ ಸೇರಿಸಲಿಲ್ಲ. ಇದೂ ವೇದವೇ ಎಂದರು, ಅಷ್ಟೇ. ಅವತ್ತು ನನ್ನ ಗಂಡ ಗಟ್ಟಿಯಾಗಿ ಅತ್ತರು. ಕಾಯಿಲೆ ಗೊತ್ತಾದ ಮೇಲೆ ನನ್ನ ಎದುರು ಅವರು ಅತ್ತದ್ದು ಅದೇ ಮೊದಲು. ದೇವರ ಮುಂದೆ ದೂರು ಹೇಳಬಹುದು, ಹೇಳಿದರೂ ಆತನ ಮಕ್ಕಳಾಗಿಯೇ ಇರುತ್ತೇವೆ ಎನ್ನುವುದು ನಮಗೆ ಗೊತ್ತಾದದ್ದು ಹೀಗೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಚರ್ಚಿನ ಬಾಗಿಲು ಮುಚ್ಚಿತು, ಆರಾಧನೆ ಫೋನಿಗೆ ಬಂತು. ಡಯಾಲಿಸಿಸ್ ಮಾತ್ರ ನಿಲ್ಲಿಸುವ ಹಾಗಿಲ್ಲ. ಬಸ್ಸಿಲ್ಲ, ಆಟೊ ಇಲ್ಲ. ಸಭೆಯ ಒಬ್ಬ ಹುಡುಗ ಪಾಸ್ ಮಾಡಿಸಿಕೊಂಡು ತನ್ನ ಆಟೊದಲ್ಲಿ ಬೆಳಿಗ್ಗೆ ಬೆಳಿಗ್ಗೆ ಬಂದು ನಿಲ್ಲುತ್ತಿದ್ದ. ಅವನು ಭಾನುವಾರ ಚರ್ಚಿಗೆ ಬರುತ್ತಿದ್ದದ್ದೇ ಅಪರೂಪ, ಬಂದರೂ ಹೊರಗೆ ನಿಲ್ಲುತ್ತಿದ್ದ. ಯಾರು ಒಳಗಿನವರು, ಯಾರು ಹೊರಗಿನವರು ಎಂದು ನಾನು ಮೊದಲಿನ ಹಾಗೆ ಲೆಕ್ಕ ಹಾಕುವುದಿಲ್ಲ.

ಇನ್ನೊಂದು ಮಾತು ಸಭೆಯಲ್ಲಿ ಇರುವವರಿಗೆ. ಯಾರ ಮನೆಯಲ್ಲಾದರೂ ಕಾಯಿಲೆ ಇದ್ದರೆ ಮೊದಲ ಎರಡು ತಿಂಗಳು ಎಲ್ಲರೂ ಬರುತ್ತಾರೆ, ಆಮೇಲೆ ಜನ ಕಡಿಮೆಯಾಗುತ್ತಾರೆ. ಯಾರದ್ದೂ ತಪ್ಪಲ್ಲ, ಅವರವರ ಬದುಕು ಇರುತ್ತದೆ. ಆದರೆ ವರ್ಷಗಟ್ಟಲೆ ಇರುವ ಕಾಯಿಲೆಗೆ ವರ್ಷಗಟ್ಟಲೆ ಜನ ಬೇಕು. "ಏನಾದರೂ ಬೇಕಿದ್ದರೆ ಹೇಳಿ" ಅನ್ನಬೇಡಿ. ಕೇಳಲು ನಮಗೆ ನಾಚಿಕೆ. "ಗುರುವಾರ ಆಸ್ಪತ್ರೆಯಲ್ಲಿ ನಾನು ಕೂರುತ್ತೇನೆ, ನೀವು ಮಲಗಿ" ಅನ್ನಿ. ನಮಗೆ ಆಯುಷ್ಮಾನ್ ಕಾರ್ಡ್ ಮಾಡಿಸಲು ಕಾಗದ ಹಿಡಿದು ಕ್ಯೂನಲ್ಲಿ ನಿಂತದ್ದು ಗಾಯನ ಮಂಡಳಿಯ ಒಬ್ಬರು. ಅವರ ದನಿ ಚೆನ್ನಾಗಿದೆ ಎಂದು ಎಲ್ಲರಿಗೂ ಗೊತ್ತು. ನನಗೆ ಅವರ ಹಾಡು ಕೇಳಿದಾಗಲೆಲ್ಲ ಆ ಕ್ಯೂ ನೆನಪಾಗುತ್ತದೆ.

ಚರ್ಚಿಗೆ ಬರಲಾಗದವರು ಏನು ಮಾಡಬೇಕು ಎಂದೂ ಕೇಳುತ್ತಾರೆ. ಯಾಕೋಬ ತನ್ನ ಪತ್ರದಲ್ಲಿ, ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಕಳುಹಿಸಲಿ ಎಂದು ಬರೆದಿದ್ದಾನೆ. ಕಾಯಿಲೆಯವರ ಕೆಲಸ ಕರೆಯುವುದು ಮಾತ್ರ, ನಡೆದು ಬರುವ ಕೆಲಸ ಗಟ್ಟಿ ಇರುವವರದ್ದು. ಹಾಗಾಗಿ ಸಂಕೋಚ ಬೇಡ, ಕರೆಯಿರಿ. ನಮ್ಮ ಸಭೆಯಲ್ಲಿ ಹಾಸಿಗೆ ಹಿಡಿದವರ ಮನೆಗಳ ಪಟ್ಟಿ ಒಂದಿದೆ. ತಿಂಗಳಿಗೊಮ್ಮೆ ಆರಾಧನೆ ಮುಗಿದ ಮೇಲೆ ಪಾಸ್ಟರ್ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಹೋಗುತ್ತಾರೆ, ಜೊತೆಗೆ ಇಬ್ಬರು ಮೂವರು ಹೋಗುತ್ತಾರೆ. ಮೈ ಹಗುರ ಇದ್ದ ಭಾನುವಾರ ನನ್ನ ಗಂಡನೂ ಅವರ ಜೊತೆ ಹೋಗುತ್ತಾರೆ. ಎಡಗೈಯಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಜೋಡಿಸಿದ ರಕ್ತನಾಳ, ಇರುವುದರಿಂದ ಆ ಕೈಯಲ್ಲಿ ಭಾರ ಎತ್ತುವ ಹಾಗಿಲ್ಲ, ಹಾಡಿನ ಪುಸ್ತಕಗಳ ಚೀಲವನ್ನು ಬಲಗೈಯಲ್ಲಿ ಹಿಡಿದುಕೊಳ್ಳುತ್ತಾರೆ.