ಲೋಪಾಖಿನ್‌ನ ಪರವಾಗಿ ಒಂದೆರಡು ಮಾತು

ರಷ್ಯಾದ ಲೇಖಕ ಆಂಟನ್ ಚೆಕಾವ್‌ನ ಕೊನೆಯ ನಾಟಕ ‘ಚೆರಿ ತೋಟ’ದ ಕಥೆಯನ್ನು ನಮ್ಮ ಸಾಗರ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಲದಲ್ಲಿ ಮುಳುಗಿದ ಹಳೆಯ ಮನೆತನ, ಹರಾಜಿಗೆ ಬಂದ ತೋಟ, ಮರ ಕಡಿದು ಬೇಸಿಗೆಗೆ ಬರುವ ಪಟ್ಟಣಿಗರಿಗೆ ಜಾಗ ಕೊಡಿ ಎಂಬ ಸಲಹೆ, ಇವೆಲ್ಲ ಹೋಂಸ್ಟೇ ಫಲಕಗಳ ನಡುವೆ ಓಡಾಡುವ ನಮಗೆ ಪರಿಚಿತವೇ. ಆದರೆ ಕನಿಕರವೆಲ್ಲ ಒಡತಿ ರನೆವ್‌ಸ್ಕಾಯಾಳ ಪಾಲಿಗೆ ಹೋಗಿ, ಆ ಸಲಹೆ ಕೊಟ್ಟು ಕೊನೆಗೆ ತಾನೇ ತೋಟ ಕೊಂಡ ವ್ಯಾಪಾರಿ ಲೋಪಾಖಿನ್ ಖಳನಾಗಿಬಿಡುವುದು ನನಗೆ ಸರಿಕಾಣುವುದಿಲ್ಲ.

ಅವನ ಅಪ್ಪನೂ ಅಜ್ಜನೂ ಅದೇ ಜಮೀನಿನಲ್ಲಿ ಜೀತಕ್ಕಿದ್ದವರು. ಮೂರನೆಯ ಅಂಕದಲ್ಲಿ, ಸಾಲದ ಬಾಕಿಯ ಮೇಲೆ 90 ಸಾವಿರ ರೂಬಲ್ ಕೂಗಿ ತೋಟವನ್ನು ತನ್ನದಾಗಿಸಿಕೊಂಡು ಬರುವ ಲೋಪಾಖಿನ್, ಹಿರಿಯರನ್ನು ಅಡುಗೆಮನೆಗೂ ಬಿಟ್ಟುಕೊಳ್ಳದಿದ್ದ ಆಸ್ತಿ ಇದು, ಈಗ ನನ್ನದು ಎಂದು ನೆಲ ಗುದ್ದಿ ನಗುತ್ತಾನೆ. ಮರುಗಳಿಗೆಯಲ್ಲೇ, ಅಳುತ್ತ ಕುಳಿತ ಒಡತಿಯ ಬಳಿ ಹೋಗಿ, ನನ್ನ ಮಾತನ್ನು ಏಕೆ ಕೇಳಲಿಲ್ಲ ಎಂದು ತಾನೂ ಕಣ್ಣೀರು ಹಾಕುತ್ತಾನೆ. ಇತ್ತ ಮುದಿ ಆಳು ಫೀರ್ಸ್, 1861ರ ಜೀತವಿಮುಕ್ತಿಯನ್ನೇ ‘ಆ ಅನಾಹುತ’ ಎಂದು ನೆನೆಯುತ್ತಾನೆ. ಗೇಣಿ ಭತ್ತ ಅಳೆಯುವ ಕೊಳಗದ ತಕರಾರಿನಿಂದ 1951ರಲ್ಲಿ ಕಾಗೋಡು ಸತ್ಯಾಗ್ರಹ ಎದ್ದ ತಾಲ್ಲೂಕು ನಮ್ಮದು. ಒಡೆಯರ ಮೊಮ್ಮಕ್ಕಳೂ ಗೇಣಿದಾರರ ಮೊಮ್ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ನಾಟಕ ನೋಡುವ ಊರಿನಲ್ಲಿ ಲೋಪಾಖಿನ್‌ನ ನಗುವೂ ಅಳುವೂ ಎರಡೂ ಅರ್ಥವಾಗಲೇಬೇಕು.

ಚೆಕಾವ್‌ಗಂತೂ ಎರಡೂ ಕಡೆಯ ಅನುಭವವಿತ್ತು. ಅವನ ಅಜ್ಜ 1841ರಲ್ಲಿ ಹಣ ತೆತ್ತು ಜೀತದಿಂದ ಬಿಡುಗಡೆ ಪಡೆದವನು; ತಾಗನ್‌ರೋಗ್‌ನಲ್ಲಿ ಅಂಗಡಿ ಇಟ್ಟಿದ್ದ ಅಪ್ಪ 1876ರಲ್ಲಿ ದಿವಾಳಿಯಾದಾಗ ಮನೆ ಪರರ ಪಾಲಾಯಿತು. ಮುಂದೆ ವೈದ್ಯನಾಗಿ, ಕಥೆ ಬರೆದು ಹೆಸರು ಮಾಡಿದ ಚೆಕಾವ್ 1892ರಲ್ಲಿ ಮೆಲಿಖೊವೊದಲ್ಲಿ ತಾನೇ ಜಮೀನು ಕೊಂಡು, ಮರ ನೆಟ್ಟು, ಸುತ್ತಲ ರೈತರಿಗೆ ಔಷಧ ಕೊಡುತ್ತ ಬದುಕಿದ.

ಲೋಪಾಖಿನ್ ಅರಚಾಡುವ ವ್ಯಾಪಾರಿಯಲ್ಲ, ಸಭ್ಯ ಮನುಷ್ಯ ಎಂದು ಚೆಕಾವ್ ಪತ್ರಗಳಲ್ಲಿ ಒತ್ತಿ ಬರೆದಿದ್ದಾನೆ. ಆ ಪಾತ್ರವನ್ನು ನಾಟಕದ ನಿರ್ದೇಶಕ, ನಟನೂ ಆದ ಸ್ತಾನಿಸ್ಲಾವ್‌ಸ್ಕಿಯೇ ಮಾಡಲಿ ಎಂಬುದು ಅವನ ಆಸೆಯಾಗಿತ್ತು. ಸ್ತಾನಿಸ್ಲಾವ್‌ಸ್ಕಿ ಆರಿಸಿಕೊಂಡದ್ದು ಒಡತಿಯ ಅಣ್ಣ ಗಾಯೆವ್‌ನ ಪಾತ್ರವನ್ನು. ನಾಟಕಕಾರ ಹಾಸ್ಯವೆಂದು ಬರೆದದ್ದನ್ನು ನಿರ್ದೇಶಕ ದುರಂತವೆಂದೇ ಓದಿದ. 1904ರ ಜನವರಿಯಲ್ಲಿ ಮಾಸ್ಕೋ ಆರ್ಟ್ ಥಿಯೇಟರ್‌ನಲ್ಲಿ ನಾಟಕ ರಂಗಕ್ಕೇರಿದ ಮೇಲೂ, ಹೆಚ್ಚೆಂದರೆ 12 ನಿಮಿಷ ಹಿಡಿಯಬೇಕಾದ ಕೊನೆಯ ಅಂಕವನ್ನು 40 ನಿಮಿಷ ಎಳೆಯುತ್ತಿದ್ದಾರೆ ಎಂದು ಚೆಕಾವ್ ಹೆಂಡತಿ ಓಲ್ಗಾಳಿಗೆ ಬರೆದು ಸಿಡುಕಿದ. ರನೆವ್‌ಸ್ಕಾಯಾಳ ಪಾತ್ರ ಮಾಡುತ್ತಿದ್ದವಳು ಅವಳೇ.