ಎಸ್‌ಪಿ ರೋಡಿನಲ್ಲಿ ಮಗಳು ಕೇಳಿದ ಪ್ರಶ್ನೆ

ಮನೆಗೆಲ್ಲ ವೈ-ಫೈ ಹಂಚೋ ರೌಟರ್ ತರೋಕೆ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಬೇಕು ಅಂತ ನಾನೇ ಹಟ ಹಿಡಿದೆ. ಮಕ್ಕಳಿಗೆ ಕಡಿವಾಣ ಹಾಕೋ ಸಾಮಾನು ತರುವಾಗ ಅವಳ್ಯಾಕೆ ಅಂದರು ನಮ್ಮ ಯಜಮಾನರು. ಅವಳು ಈ ವರ್ಷ ಎಸ್ಸೆಸ್ಸೆಲ್ಸಿ. ಅವಳಿಗೆ ಒಂದು ಮಾತೂ ಹೇಳದೆ ಮನೆಯ ಇಂಟರ್ನೆಟ್‌ಗೆ ಬೀಗ ಹಾಕಿದರೆ ನಮ್ಮ ಮೇಲೆ ಅವಳಿಗಿರೋ ನಂಬಿಕೆ ಹೋಗುತ್ತೆ ಅನ್ನೋದು ನನ್ನ ವಾದ.

ನಮ್ಮ ಮನೆಯಲ್ಲಿ ಕನೆಕ್ಷನ್ ಒಂದೇ, ಬಳಸೋರು ಐದು ಜನ. ಮಗ ನಾಲ್ಕನೇ ಕ್ಲಾಸ್, ಅವನ ಕೈಯಲ್ಲಿ ಒಂದು ಟ್ಯಾಬ್. ಅತ್ತೆ ಸಂಜೆ ಟಿವಿ ಮುಂದೆ ಕೂತರೆ ಸೀರಿಯಲ್ ಮುಗಿಯೋವರೆಗೆ ಏಳಲ್ಲ. ಯಜಮಾನರಿಗೆ ರಾತ್ರಿ ಹತ್ತರ ಮೇಲೆ ಅಮೆರಿಕದವರ ಜೊತೆ ಮೀಟಿಂಗ್. ಮಗನ ಟ್ಯಾಬ್ ಒಂಬತ್ತಕ್ಕೆ ನಿಲ್ಲಬೇಕು ಅಂತ ವೈ-ಫೈ ಆಫ್ ಮಾಡಿದರೆ ಇಡೀ ಮನೆಯೇ ನಿಂತುಹೋಗುತ್ತೆ. ಜೊತೆಗೆ, ಅವನು ಆಡೋ ಸುಮ್ನೆ ಬಣ್ಣ ತುಂಬೋ ಆಟದಲ್ಲಿ ಬರೋ ಜಾಹೀರಾತು ಒತ್ತಿದರೆ ಎಲ್ಲೆಲ್ಲಿಗೋ ಹೋಗುತ್ತೆ. ಅದನ್ನು ಪಕ್ಕದಲ್ಲಿ ಕೂತು ನೋಡಿದ ದಿನವೇ ಏನಾದರೂ ಮಾಡಲೇಬೇಕು ಅಂತ ಅನಿಸಿತು.

ಫೈಬರ್ ಹಾಕಿಸಿದಾಗ ಕಂಪನಿಯವರೇ ಗೋಡೆಗೆ ಸಿಕ್ಕಿಸಿ ಹೋದ ಬಿಳಿ ಡಬ್ಬ ಇತ್ತಲ್ಲ, ಮೊದಲು ಅದರ ಸೆಟ್ಟಿಂಗ್ಸ್ ತೆಗೆದೆವು. ‘ಪೇರೆಂಟಲ್ ಕಂಟ್ರೋಲ್’ ಅನ್ನೋ ಪುಟ ಅದರಲ್ಲೂ ಇದೆ. ಆದರೆ ಅಲ್ಲಿ ಇರೋದು, ಬೇಡದ ಸೈಟುಗಳ ಪೂರ್ತಿ ವಿಳಾಸವನ್ನು ನಾವೇ ಒಂದೊಂದಾಗಿ ಬರೆಯೋ ಪಟ್ಟಿ. ಈಗ ಹೆಚ್ಚುಕಮ್ಮಿ ಎಲ್ಲ ಸೈಟುಗಳೂ ಎಚ್‌ಟಿಟಿಪಿಎಸ್, ಅಂದರೆ ಹೋಗಿಬರೋ ಮಾಹಿತಿಯನ್ನು ಗುಟ್ಟಿನ ಭಾಷೆಗೆ ಬದಲಿಸಿ ಕಳಿಸೋವು. ಯಾವ ಸೈಟಿಗೆ ಹೋಗ್ತಿದ್ದೀವಿ ಅನ್ನೋದಷ್ಟೇ ಹೊರಗಡೆಗೆ ಗೊತ್ತಾಗುತ್ತೆ, ಒಳಗಿನ ಪುಟ ಯಾವುದು ಅಂತ ರೌಟರ್‌ಗೆ ಕಾಣೋದೇ ಇಲ್ಲ. ಯೂಟ್ಯೂಬ್‌ನ ಯಾವುದೋ ಒಂದು ವಿಡಿಯೊ ಮಾತ್ರ ತಡೀತೀನಿ ಅಂದರೆ ರೌಟರ್‌ನಿಂದ ಆಗಲ್ಲ. ಇದು ನಮ್ಮ ಡಬ್ಬದ ಕಥೆ ಮಾತ್ರ ಅಲ್ಲ, ಎಷ್ಟೇ ದುಡ್ಡು ಕೊಟ್ಟು ತಂದ ಮನೆ ರೌಟರ್‌ಗೂ ಇದೇ ಮಿತಿ. ಇದು ಮೊದಲೇ ಗೊತ್ತಿದ್ದರೆ ಅಂಗಡಿಯಲ್ಲಿ ತುಂಬ ಅನುಕೂಲ.

ಆಮೇಲೆ ಡಿಎನ್‌ಎಸ್ ಬದಲಿಸಿ ನೋಡಿದೆವು. ಸೈಟಿನ ಹೆಸರು ಕೊಟ್ಟರೆ ಅದರ ನಂಬರ್ ಹುಡುಕಿ ಕೊಡೋದು ಡಿಎನ್‌ಎಸ್ ಕೆಲಸ. ಕ್ಲೌಡ್‌ಫ್ಲೇರ್ ಕಂಪನಿ 2020ರ ಏಪ್ರಿಲ್‌ನಲ್ಲಿ ಕುಟುಂಬಗಳಿಗೆ ಅಂತಲೇ 1.1.1.3 ಅನ್ನೋ ಡಿಎನ್‌ಎಸ್ ಶುರು ಮಾಡಿತು. ದೊಡ್ಡವರ ಸೈಟು, ವೈರಸ್ ಹರಡೋ ಸೈಟುಗಳ ಹೆಸರು ಕೇಳಿದರೆ ಅದು ಸರಿಯಾದ ನಂಬರ್ ಕೊಡೋದೇ ಇಲ್ಲ, ಪುಟ ತೆರೆಯೋದಿಲ್ಲ. ಇದಕ್ಕೆ ದುಡ್ಡೂ ಬೇಡ, ಹೊಸ ಸಾಮಾನೂ ಬೇಡ. ರೌಟರ್ ಸೆಟ್ಟಿಂಗ್ಸ್‌ನಲ್ಲಿ ನಂಬರ್ ಬದಲಿಸಿದರೆ ಆಯ್ತು. ಮನೆಯಲ್ಲಿ ಪುಟ್ಟ ಮಕ್ಕಳಷ್ಟೇ ಇದ್ದರೆ ಮೊದಲು ಇದನ್ನೇ ಮಾಡಿ ನೋಡಿ ಅಂತ ಯಾರಿಗೆ ಬೇಕಾದರೂ ಹೇಳ್ತೀನಿ. ನಮಗೆ ಸಾಲದೇ ಹೋದದ್ದಕ್ಕೆ ಕಾರಣ ಬೇರೆ. ಅದು ಒಂಬತ್ತು ವರ್ಷದವನಿಗೂ ಎಪ್ಪತ್ತು ವರ್ಷದವರಿಗೂ ಒಂದೇ ನಿಯಮ ಹಾಕುತ್ತೆ. ಈ ಒಂದು ಸೈಟು ಬಿಡು ಅಂತ ಹೇಳೋಕೆ ಜಾಗ ಇಲ್ಲ. ಹೊತ್ತಿನ ಲೆಕ್ಕವೂ ಅದರಲ್ಲಿಲ್ಲ.

ಹಾಗಾಗಿ ನಮಗೆ ಬೇಕಾಗಿದ್ದು ಏನು ಅಂತ ಊಟದ ಹೊತ್ತಿಗೆ ಮಾತಾಡಿಕೊಂಡೆವು. ಒಬ್ಬೊಬ್ಬರಿಗೂ ಬೇರೆ ಪ್ರೊಫೈಲ್, ಅದಕ್ಕೆ ಬೇರೆ ಸಮಯ, ಬೇಕಾದ ಸೈಟನ್ನು ಬಿಡೋಕೆ ಒಂದು ಪಟ್ಟಿ, ಮತ್ತೆ ತಿಂಗಳು ತಿಂಗಳು ದುಡ್ಡು ಕಟ್ಟೋ ಹಾಗಿರಬಾರದು. ಈ ಕೊನೆಯದನ್ನು ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರಲ್ಲ, ವಿಚಾರಿಸಲೇಬೇಕು. ಟಿಪಿ-ಲಿಂಕ್ ಕಂಪನಿಯ ರೌಟರ್‌ಗಳಲ್ಲಿ ಬರೋ ಹೋಮ್‌ಶೀಲ್ಡ್ ಅನ್ನೋ ಕಾವಲು ವ್ಯವಸ್ಥೆಯಲ್ಲಿ ಬೇಸಿಕ್ ಅನ್ನೋದು ಪುಕ್ಕಟೆ, ಪ್ರೊಗೆ ಚಂದಾ. ಆಸುಸ್ ಕಂಪನಿಯವರು ತಮ್ಮ ರೌಟರ್‌ಗಳ ಅಂಥದ್ದೇ ಏಐಪ್ರೊಟೆಕ್ಷನ್‌ಗೆ ಚಂದಾ ತಗೊಳ್ಳಲ್ಲ. ಆದರೆ ಅಲ್ಲಿ ಸೈಟುಗಳನ್ನು ಸೋಸೋ ಕೆಲಸ ಟ್ರೆಂಡ್ ಮೈಕ್ರೊ ಅನ್ನೋ ಇನ್ನೊಂದು ಕಂಪನಿಯದು, ಆನ್ ಮಾಡುವಾಗ ಅವರ ಒಪ್ಪಂದಕ್ಕೂ ಹೂಂ ಅನ್ನಬೇಕು. ಎರಡರಲ್ಲಿ ಯಾವುದು ಸರಿ ಅನ್ನೋದು ಅವರವರ ಮನೆಗೆ ಬಿಟ್ಟದ್ದು.

ಬೆಂಗಳೂರಿನಲ್ಲಿ ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಹೋಗೋ ಎಸ್‌ಪಿ ರೋಡಿನಲ್ಲಿ ಭಾನುವಾರ ಎಷ್ಟೋ ಅಂಗಡಿ ತೆಗೆಯೋದಿಲ್ಲ, ಅದಕ್ಕೇ ಶನಿವಾರ ಹೊರಟೆವು. ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ನಡೆದೆವು. ಸುಮ್ನೆ ಆನ್‌ಲೈನ್‌ನಲ್ಲಿ ತರಿಸಬಹುದಿತ್ತಲ್ಲ ಅಂತ ಮಗಳು ದಾರಿಯುದ್ದಕ್ಕೂ ಗೊಣಗಿದಳು. ನನಗೆ ಮಾತ್ರ ಆ್ಯಪ್ ಒಳಗೆ ಹೇಗಿದೆ ಅಂತ ಕಣ್ಣಾರೆ ನೋಡಬೇಕಿತ್ತು. ಅಂಗಡಿ ಅಂದರೆ ಇಬ್ಬರು ನಿಲ್ಲೋವಷ್ಟು ಜಾಗ, ತಲೆ ಮೇಲಿನವರೆಗೂ ಡಬ್ಬಗಳು, ಕೆಳಗೆ ಕೇಬಲ್ ಸುರುಳಿಗಳು. ಅಂಗಡಿಯವರು ಒಳ್ಳೆ ತಾಳ್ಮೆಯ ಮನುಷ್ಯ. ಒಂದು ಡೆಮೊ ರೌಟರ್‌ಗೆ ತಮ್ಮ ಫೋನನ್ನೇ ಸೇರಿಸಿ ಒಂದೊಂದು ಪುಟವನ್ನೂ ತೆರೆದು ತೋರಿಸಿದರು.

“ಮೇಡಂ, ಇದನ್ನ ತಗೊಳ್ಳಿ. ಮಕ್ಕಳು ಯಾವ್ಯಾವ ಸೈಟಿಗೆ ಹೋದ್ರು, ಎಷ್ಟೊತ್ತು ಇದ್ರು, ಎಲ್ಲ ನಿಮ್ಮ ಮೊಬೈಲಿಗೇ ಬರುತ್ತೆ” ಅಂದರು.

ಫೋನಿನಲ್ಲಿ ಒಂದು ಪಟ್ಟಿ ಇತ್ತು. ಗಂಟೆ, ನಿಮಿಷ, ಪಕ್ಕದಲ್ಲಿ ಸೈಟಿನ ಹೆಸರು. ಬೆರಳಾಡಿಸಿದಷ್ಟೂ ಕೆಳಗೆ ಹೋಗುತ್ತಲೇ ಇತ್ತು. ಅಲ್ಲಿವರೆಗೆ ಪಕ್ಕದ ಅಂಗಡಿಯ ಹೆಡ್‌ಫೋನ್ ನೋಡ್ತಾ ನಿಂತಿದ್ದ ಮಗಳು ಹತ್ತಿರ ಬಂದಳು. ಪಟ್ಟಿ ನೋಡಿ, ಮೆತ್ತಗೆ ಕೇಳಿದಳು: “ಅಮ್ಮ, ನಾನು ಏನು ಹುಡುಕಿದೆ ಅಂತ ನಿಂಗೆ ಕಾಣತ್ತಾ?”

ಗೂಗಲ್‌ನಲ್ಲಿ ಏನು ಬರೆದೆ ಅಂತ ಕಾಣಲ್ಲ, ಆಮೇಲೆ ಯಾವ ಸೈಟಿಗೆ ಹೋದೆ ಅನ್ನೋದು ಕಾಣತ್ತೆ ಅಂತ ಇದ್ದದ್ದು ಇದ್ದ ಹಾಗೇ ಹೇಳಿದೆ. ಅವಳು ಇನ್ನೇನೂ ಕೇಳಲಿಲ್ಲ. ಆದರೆ ಅವಳ ಮುಖ ನೋಡಿ ನನಗೆ ಅರ್ಥವಾಯಿತು.

ನಾನು ಅವಳ ವಯಸ್ಸಿನಲ್ಲಿ ಜಯನಗರದ ಲೈಬ್ರರಿಯಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದೆ. ಮುಟ್ಟಿನ ಬಗ್ಗೆ, ಮೈಯಲ್ಲಿ ಆಗೋ ಬದಲಾವಣೆ ಬಗ್ಗೆ, ದೇವರು ಇದ್ದಾನೋ ಇಲ್ಲವೋ ಅನ್ನೋದರ ಬಗ್ಗೆ, ಅಮ್ಮನ ಹತ್ತಿರ ಕೇಳೋಕೆ ಬಾಯಿ ಬಾರದ್ದನ್ನೆಲ್ಲ ಅಲ್ಲಿ ಓದಿದೆ. ಯಾವ ಪುಟ ತೆರೆದೆ ಅಂತ ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಹಾಗೆ ಓದಿದ್ದರಿಂದಲೇ ಎಷ್ಟೋ ಹೆದರಿಕೆ ಕಳೆದುಕೊಂಡೆ. ಹದಿನೈದು ವರ್ಷದ ಹುಡುಗಿಗೆ ಅಷ್ಟು ಜಾಗ ಬೇಕೇ ಬೇಕು. ಕೆಟ್ಟ ಸೈಟು ತಡೆಯೋದು ತಂದೆತಾಯಿಯ ಕೆಲಸ, ಅದನ್ನು ನಾನು ಬಿಡೋದಿಲ್ಲ. ಅವಳು ಓದಿದ್ದನ್ನೆಲ್ಲ ಪಟ್ಟಿ ಮಾಡಿ ರಾತ್ರಿ ಕೂತು ನೋಡೋದು ಬೇರೆಯೇ ವಿಷಯ. ಅದು ನನಗೆ ಬೇಡ.

“ಈ ಹಿಸ್ಟರಿ ಆಫ್ ಮಾಡೋಕಾಗತ್ತಾ?” ಅಂತ ಕೇಳಿದೆ.

ಅಂಗಡಿಯವರಿಗೆ ಆಶ್ಚರ್ಯ. ಎಲ್ಲರೂ ಅದನ್ನೇ ಕೇಳಿಕೊಂಡು ಬರ್ತಾರೆ ಮೇಡಂ ಅಂದರು. ಆಮೇಲೆ ಹುಡುಕಿ, ಒಂದು ಮಾಡೆಲ್‌ನಲ್ಲಿ ಆಫ್ ಮಾಡೋ ಜಾಗ ಇಲ್ಲ, ಇನ್ನೊಂದರಲ್ಲಿ ಇದೆ ಅಂತ ತೋರಿಸಿದರು. ಯಜಮಾನರು ನನ್ನನ್ನೊಮ್ಮೆ ನೋಡಿದರು, ಮಗಳನ್ನೊಮ್ಮೆ ನೋಡಿದರು, ಆಫ್ ಮಾಡೋಕೆ ಆಗೋದನ್ನೇ ಪ್ಯಾಕ್ ಮಾಡಿ ಅಂದರು. ವೈ-ಫೈ 6 ರೌಟರ್, ನಾವು ಇಟ್ಟುಕೊಂಡಿದ್ದ 4,000 ರೂಪಾಯಿ ಲೆಕ್ಕದ ಒಳಗೇ ಸಿಕ್ಕಿತು.

ಅಲ್ಲೇ ಒಂದು ಮಿನಿ ಯುಪಿಎಸ್ಸೂ ತಗೊಂಡೆವು. ನಮ್ಮ ಕಡೆ ಕರೆಂಟ್ ಹೋದಾಗ ಗೋಡೆಯ ಡಬ್ಬ, ಹೊಸ ರೌಟರ್ ಎರಡಕ್ಕೂ ಪವರ್ ಬೇಕಲ್ಲ. ಎರಡು ಔಟ್‌ಪುಟ್ ಇರೋದನ್ನೇ ಕೇಳಿ, ವೋಲ್ಟೇಜ್ ಅಡಾಪ್ಟರ್ ಮೇಲೆ ಬರೆದಿರೋದಕ್ಕೆ ಸರಿಹೋಗುತ್ತಾ ನೋಡಿಕೊಳ್ಳಿ.

ಸಂಜೆ ಊಟದ ಮೇಜಿನ ಮೇಲೇ ಎಲ್ಲ ಹರಡಿಕೊಂಡು ಕೂತೆವು. ಗೋಡೆಯ ಡಬ್ಬದಿಂದ ಹೊಸ ರೌಟರ್‌ನಲ್ಲಿ ಇಂಟರ್ನೆಟ್ ಒಳಗೆ ಬರೋ ವ್ಯಾನ್ ಪೋರ್ಟಿಗೆ ಕೇಬಲ್ ಕೊಟ್ಟು, ಹಳೇ ಡಬ್ಬದ ವೈ-ಫೈ ಆಫ್ ಮಾಡಿದೆವು. ಈ ಹೆಜ್ಜೆ ಮರೆಯಬಾರದು. ಹಳೇ ವೈ-ಫೈ ಉಳಿದರೆ ಮಕ್ಕಳ ಫೋನು, ಟ್ಯಾಬು ತಾನಾಗೇ ಅದಕ್ಕೆ ಸೇರಿಕೊಳ್ಳುತ್ತೆ, ಹೊಸ ರೌಟರ್ ತಂದೂ ತರದ ಹಾಗೆ.

ಆ್ಯಪ್ ತೆರೆದಾಗ ಮನೆಯ ಸಾಧನಗಳೆಲ್ಲ ಸಾಲಾಗಿ ಬಂದವು. ಕೆಲವಕ್ಕೆ ಹೆಸರೇ ಇಲ್ಲ, ಬರೀ ಮ್ಯಾಕ್ ವಿಳಾಸ, ಅಂದರೆ ಸಾಧನವನ್ನು ಗುರುತಿಸೋ ಅಂಕಿ-ಅಕ್ಷರಗಳ ಸಾಲು. ಯಾವುದು ಯಾರದ್ದು? ಮಗ ಒಂದೊಂದು ಫೋನಿನ ಸೆಟ್ಟಿಂಗ್ಸ್ ನೋಡಿ ವಿಳಾಸವನ್ನು ಮಗ್ಗಿ ಒಪ್ಪಿಸೋ ಹಾಗೆ ಜೋರಾಗಿ ಓದಿದ, ಮಗಳು ಹೆಸರು ಹಾಕುತ್ತಾ ಹೋದಳು. ಆಂಡ್ರಾಯ್ಡ್ 10ರಿಂದ, ಐಫೋನಿನಲ್ಲಿ ಐಒಎಸ್ 14ರಿಂದ ಫೋನುಗಳು ತಮ್ಮ ನಿಜವಾದ ವಿಳಾಸ ಬಿಟ್ಟು ವೈ-ಫೈಗೆ ಅಂತ ಬೇರೆ ವಿಳಾಸ ಹುಟ್ಟಿಸಿಕೊಳ್ಳುತ್ತವೆ. ಹೊರಗಡೆ ವೈ-ಫೈ ಬಳಸುವಾಗ ಅದು ಒಳ್ಳೇದೇ. ಮನೆಯಲ್ಲಿ ಆ ವಿಳಾಸ ಬದಲಾದರೆ ಅದೇ ಟ್ಯಾಬು ಹೊಸ ಸಾಧನದ ಹಾಗೆ ಬಂದು, ಹಾಕಿದ ನಿಯಮದಿಂದ ತಪ್ಪಿಸಿಕೊಳ್ಳುತ್ತೆ. ಗುರುತು ಹಿಡಿಯೋದನ್ನು ಮಗಳೇ ಹುಡುಕಿದಳು. ವಿಳಾಸದ ಎರಡನೇ ಅಕ್ಷರ 2, 6, ಎ ಅಥವಾ ಇ ಇದ್ದರೆ ಅದು ಹುಟ್ಟಿಸಿಕೊಂಡ ವಿಳಾಸ. ನಮ್ಮ ಮನೆಯ ವೈ-ಫೈಗೆ ಮಾತ್ರ ಅದನ್ನು ಆಫ್ ಮಾಡಿದೆವು.

“ಅಮ್ಮ, ಮೊಬೈಲ್ ಡೇಟಾ ಆನ್ ಮಾಡಿದ್ರೆ ಇದ್ಯಾವುದೂ ಕೆಲಸ ಮಾಡಲ್ಲ ಅಲ್ವಾ?” ಅಂದಳು. ಹೌದು, ಮಾಡಲ್ಲ. ಯಾವ ಸೈಟಿಗೆ ಹೋಗ್ತಿದ್ದೀವಿ ಅನ್ನೋದನ್ನೇ ರೌಟರ್‌ನಿಂದ ಮರೆಮಾಡೋ ವಿಪಿಎನ್ ಆ್ಯಪ್ ಹಾಕಿಕೊಂಡರೂ ಅಷ್ಟೇ. ಮಗನ ಟ್ಯಾಬಿಗೆ ಸಿಮ್ಮೇ ಇಲ್ಲ, ಅದರಲ್ಲಿ ಮಕ್ಕಳ ಬಳಕೆಗೆ ಮಿತಿ ಹಾಕೋ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಕೂಡ ಹಾಕಿದ್ದೀವಿ. ಅವಳ ಫೋನಿಗೆ ಏನೂ ಹಾಕಲಿಲ್ಲ. ರಾತ್ರಿ ಹತ್ತಕ್ಕೆ ಫೋನು ಹಾಲ್‌ನಲ್ಲಿ ಚಾರ್ಜಿಗೆ ಇಡಬೇಕು ಅಂತ ಮಾತಾಯಿತು. ಅದು ನಮಗಿಬ್ಬರಿಗೂ ಅನ್ವಯಿಸಬೇಕು ಅಂತ ಅವಳು ಷರತ್ತು ಹಾಕಿದಳು. ಮೀಟಿಂಗ್ ಇಲ್ಲದ ದಿನ ಇಡ್ತೀನಿ ಅಂತ ಅವರಪ್ಪ ಒಪ್ಪಿದರು.

ಮಗನ ಪ್ರೊಫೈಲಿಗೆ ಚಿಕ್ಕ ಮಕ್ಕಳ ಮಟ್ಟ, ರಾತ್ರಿ ಒಂಬತ್ತಕ್ಕೆ ಬಂದ್. ಅವಳದಕ್ಕೆ ದೊಡ್ಡ ಮಕ್ಕಳ ಮಟ್ಟ. ಅತ್ತೆಯ ಟಿವಿಯನ್ನು ಯಾವ ಪ್ರೊಫೈಲಿಗೂ ಸೇರಿಸಲಿಲ್ಲ. ಹಿಸ್ಟರಿ ಅನ್ನೋ ಬಟನ್ ಆಫ್ ಮಾಡೋ ಕೆಲಸವನ್ನು ಮಗಳ ಕೈಯಲ್ಲೇ ಮಾಡಿಸಿದೆ.

ಆಮೇಲೆ ಒಂದು ಸಂಜೆ ಅವಳೇ ಲ್ಯಾಪ್‌ಟಾಪ್ ಹಿಡಿದು ಬಂದಳು. ವಿಜ್ಞಾನದಲ್ಲಿ ಸಂತಾನೋತ್ಪತ್ತಿ ಪಾಠ ಓದ್ತಿದ್ದಾಳೆ, ಚಿತ್ರ ಸಮೇತ ವಿವರಿಸೋ ಒಂದು ಸೈಟನ್ನು ರೌಟರ್ ತಡೆದುಬಿಟ್ಟಿದೆ. ಸೋಸೋ ಪಟ್ಟಿಗಳು ಹೀಗೆ ಪಾಠವನ್ನೂ ಬೇಡದ್ದನ್ನೂ ಒಂದೇ ಅಂದುಕೊಳ್ಳೋದು ಉಂಟು. ಇಬ್ಬರೂ ಕೂತು ಆ ಸೈಟನ್ನು ನನ್ನ ಫೋನಿನಲ್ಲಿ ತೆರೆದು ನೋಡಿದೆವು. ಅಪ್ಪಟ ಪಾಠ. ಅವಳ ಬಿಡುವ ಪಟ್ಟಿಗೆ ಸೇರಿಸಿದೆ. ಹಾಗೇ ಅವಳಿಗೆ ಅರ್ಥವಾಗದ ಒಂದೆರಡು ಭಾಗವನ್ನೂ ಓದಿ ಮಾತಾಡಿದೆವು. ಪರೀಕ್ಷೆ ಮುಗಿದ ಮೇಲೆ ಅವಳ ರಾತ್ರಿ ಸಮಯ ಬದಲಿಸೋಣ ಅಂದಿದ್ದೀನಿ. ಹನ್ನೊಂದು ಬೇಕಂತೆ ಅವಳಿಗೆ. ನಾನು ಹತ್ತೂವರೆಗೆ ನಿಂತಿದ್ದೀನಿ.